ಎರಡೆಲೆಗೇ ನಿಂತ ಸಸಿ: ಮಳೆಗಾಲದಲ್ಲಿ ಮನೆಯೊಳಗಿನ ಟ್ರೇ ಯಾಕೆ ಮುಂದಕ್ಕೆ ಹೋಗುವುದಿಲ್ಲ?

ಮೂರ್ನಾಡಿನವಳು:
ಮೆಣಸು (ಮೆಣಸಿನಕಾಯಿ), ಟೊಮೆಟೊ, ಬದನೆ ಮೂರನ್ನೂ ಸಸಿ ಬೆಳೆಸುವ 98 ಕುಳಿಯ ಪ್ರೋಟ್ರೇಯಲ್ಲಿ ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಬಿತ್ತಿದ್ದೇನೆ. ಟ್ರೇ ಇರುವುದು ಒಳಗೆ, ಪಶ್ಚಿಮದ ಕಿಟಕಿ ಕಟ್ಟೆಯಲ್ಲಿ. ಮೊಳಕೆಗೇನೂ ತೊಂದರೆಯಾಗಲಿಲ್ಲ, ಹೆಚ್ಚುಕಡಿಮೆ ಎಲ್ಲಾ ಬಂತು. ಅಲ್ಲಿಂದಾಚೆಗೆ ಸುಮಾರು ಮೂರು ವಾರವಾದರೂ ಬೀಜದೆಲೆ ಎರಡು ಬಿಟ್ಟರೆ ಬೇರೆ ಎಲೆ ಕಾಣುತ್ತಿಲ್ಲ. ಟೊಮೆಟೊ ದಾರದ ಹಾಗೆ ಉದ್ದವಾಗಿ ಕಿಟಕಿ ಕಡೆಗೆ ಬಾಗಿದೆ, ಎಲೆಯ ಅಡಿಭಾಗ ನೇರಳೆ. ಮೆಣಸು ಹಸಿರಾಗಿಯೇ ಇದೆ, ಆದರೆ ಕದಲುತ್ತಿಲ್ಲ. ಬದನೆಯಲ್ಲಿ ನಾಲ್ಕೈದು ಬುಡದಲ್ಲಿ ಸಣ್ಣಗಾಗಿ ಮಲಗಿವೆ. ದಿನಾ ಬೆಳಿಗ್ಗೆ ಮಳೆನೀರು ಸ್ಪ್ರೇ ಮಾಡುತ್ತೇನೆ. ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಕೊಡಬಹುದಾ? ಎಷ್ಟು?

ಬೇರುಬುಡ:
ಅಕ್ಕಾ, ಗೊಬ್ಬರದ ಪೊಟ್ಟಣ ಒಡೆಯುವ ಮೊದಲು ಒಂದೊಂದು ಜಾತಿಯದ್ದೂ ಒಂದೊಂದು ಸಸಿ ಬಲಿ ಕೊಡಿ. ಕುಳಿಯ ಅಡಿಯಿಂದ ಪೆನ್ಸಿಲಿನಲ್ಲಿ ತಳ್ಳಿ ಇಡೀ ಮುದ್ದೆ ಹೊರಗೆ ತೆಗೆಯಿರಿ, ಬಿಳಿ ತಟ್ಟೆಯಲ್ಲಿ ನೀರು ಹಾಕಿ ಅಲ್ಲಾಡಿಸಿ ತೊಳೆಯಿರಿ. ಮೇಲೆ ನಿಂತದ್ದಕ್ಕೆ ಕಾರಣ ಕೆಳಗೆ ಕಾಣುತ್ತದೆ.

ಬೇರು ಬೆಳ್ಳಗೆ, ಪಕ್ಕದಲ್ಲಿ ಕವಲು ಕವಲಾಗಿ ಹರಡಿದ್ದರೆ ಸಸಿಗೆ ಏನೂ ಆಗಿಲ್ಲ, ಅದು ಕೆಳಗೆ ಕೆಲಸ ಮಾಡುತ್ತಿದೆ. ಬೀಜದಲ್ಲಿದ್ದ ಅನ್ನ ಮುಗಿದ ಮೇಲೆ ಎಲ್ಲಾ ಸಸಿಯೂ ಮೊದಲು ಬೇರು ಕಟ್ಟಿ, ಆಮೇಲೆ ಮೂರನೇ ಎಲೆ ತೆಗೆಯುತ್ತದೆ. ಬೆಚ್ಚಗಿದ್ದರೆ ಟೊಮೆಟೊಗೆ ಈ ತಡೆ ವಾರ, ಹತ್ತು ದಿನ. ಮೆಣಸು ನಮ್ಮ ಚಳಿಯಲ್ಲಿ ಎರಡು ಮೂರು ವಾರ ತೆಗೆದುಕೊಂಡರೂ ಆಶ್ಚರ್ಯವಿಲ್ಲ.

ಒಂದೇ ಒಂದು ನೂಲು ಬೇರು, ಕವಲಿಲ್ಲ, ತುದಿ ಕಂದು ಅಂದರೆ ನೀರು ಹೆಚ್ಚಾಗಿ ಗಾಳಿ ಸಿಗುತ್ತಿಲ್ಲ. ಬೇರಿನ ಸಿಪ್ಪೆ ಉಗುರಿಗೆ ಕೋಟಿನ ಹಾಗೆ ಜಾರಿ ಬಂದು ಒಳಗೆ ಬಿಳಿ ದಾರ ಉಳಿದರೆ ಕೊಳೆ ಶುರುವಾಗಿದೆ. ಕುಳಿಯ ಗೋಡೆಗೆ ಸುತ್ತಿಕೊಂಡಿದ್ದರೆ ಜಾಗ ಸಾಲದು, ಆದರೆ ನಿಮ್ಮದು ಆ ಹಂತಕ್ಕೆ ಬಂದಿರಲಾರದು.

ಬದನೆ ಸಸಿಗಳು ಮಲಗಿದ್ದು ಸಸಿ ಸಾಯುವ ರೋಗದಿಂದ, ಪಿಥಿಯಂ ಅಥವಾ ರೈಜೋಕ್ಟೋನಿಯಾ ಎಂಬ ಮಣ್ಣಿನ ರೋಗಾಣು ತರುವಂಥದ್ದು. ಅವನ್ನು ಮುದ್ದೆ ಸಮೇತ ಇವತ್ತೇ ತೆಗೆದು ದೂರ ಹಾಕಿ. ಉಳಿಸುವ ಪ್ರಶ್ನೆಯೇ ಇಲ್ಲ. ಪಕ್ಕದ ಕುಳಿಗಳಿಗೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಬುಡಕ್ಕೆ ಹನಿಸಿ. ರೋಗ ತಡೆಯುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾ ಹಾಕುವ ಯೋಚನೆಯಿದ್ದರೆ ಎರಡನ್ನೂ ಒಟ್ಟಿಗೆ ಹಾಕಬೇಡಿ, ತಾಮ್ರ ಅದನ್ನೂ ಕೊಲ್ಲುತ್ತದೆ.

ಟ್ರೇಮೇಷ್ಟ್ರು:
ಟೊಮೆಟೊ ಬಾಗಿದೆ ಅಂದ ಕೂಡಲೇ ನನಗೆ ಗೊತ್ತಾಗುವುದು ಬೆಳಕಿಲ್ಲ ಅಂತ. ಕೊಡಗಿನಲ್ಲಿ ಮೂರ್ನಾಡು, ಮಡಿಕೇರಿ ಕಡೆಯ ಮನೆಗಳ ಸೂರು ಮಳೆ ಒಳಗೆ ಹೊಡೆಯಬಾರದೆಂದು ಕೆಳಗೆ ಇಳಿದಿರುತ್ತದೆ. ಟ್ರೇಯ ಮಟ್ಟಕ್ಕೆ ತಲೆ ತಗ್ಗಿಸಿ ಕಿಟಕಿಯಾಚೆ ನೋಡಿ. ಆಕಾಶ ಎಷ್ಟು ಕಾಣುತ್ತದೋ ಸಸಿಗೆ ಬೆಳಕೂ ಅಷ್ಟೇ. ಸೂರಿನ ಅಡಿ, ಅದರಾಚೆ ಸಿಲ್ವರ್ ಮರ, ಕೊನೆಗೆ ಒಂದು ಬೆರಳಗಲ ಮೋಡ ಕಂಡರೆ ಅದು ಸಸಿಯ ಜಾಗವಲ್ಲ.

ಮೊಬೈಲಿನಲ್ಲಿ ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುವ ಆ್ಯಪ್ ಹಾಕಿಕೊಳ್ಳಿ. ನಿಖರವಲ್ಲ, ನಮ್ಮ ಕೆಲಸಕ್ಕೆ ಸಾಕು. ಫೋನನ್ನು ಎಲೆ ಇರುವ ಜಾಗದಲ್ಲಿ ಮುಖ ಮೇಲೆ ಮಾಡಿ ಮಲಗಿಸಿ ನೋಡಬೇಕು. ಮೋಡ ಕವಿದ ದಿನವೂ ಅಂಗಳದಲ್ಲಿ 5,000ದಿಂದ 20,000 ಬರುತ್ತದೆ. ಅದೇ ಹೊತ್ತಿಗೆ ಕಿಟಕಿ ಕಟ್ಟೆಯಲ್ಲಿ ಕೆಲವು ನೂರು, ಬಹಳವೆಂದರೆ ಸಾವಿರ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ಇದೆ ಅನಿಸುತ್ತದೆ. ಟೊಮೆಟೊ ಸಸಿ ಗಟ್ಟಿಯಾಗಿ ಏಳಬೇಕಾದರೆ 7,000ದಿಂದ 10,000 ಲಕ್ಸ್, ದಿನಕ್ಕೆ 14–16 ಗಂಟೆ ಬೇಕು. 500 ಲಕ್ಸ್‌ನಲ್ಲಿ ಅದು ಮಾಡಿದ ಅನ್ನ ಉಸಿರಾಟಕ್ಕೇ ಖರ್ಚಾಗುತ್ತದೆ, ಹೊಸ ಎಲೆಗೆ ಉಳಿಯುವುದಿಲ್ಲ. ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ, ಹಾಗೇ ನಿಂತಿರುತ್ತದೆ.

ಹಾರಂಗಿದಂಡೆ:
ಬೆಳಕು ಸರಿ, ಆದರೆ ಕೊಕೊಪೀಟನ್ನು ಮರೆಯಬೇಡಿ ಮೇಷ್ಟ್ರೇ. ಅಂಗಡಿಯಲ್ಲಿ ಸಿಗುವ 5 ಕಿಲೋ ಗಟ್ಟಿಗಳಲ್ಲಿ ತುಂಬಾ ಸಲ ಉಪ್ಪು ತೊಳೆದಿರುವುದಿಲ್ಲ. ನಾರಿಗೆ ಸೋಡಿಯಂ, ಪೊಟ್ಯಾಸಿಯಂ ಅಂಟಿಕೊಂಡಿರುತ್ತದೆ. ನೀವು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಆ ನಾರು ತಾನು ಹಿಡಿದುಕೊಂಡು ಇವನ್ನು ಬಿಡುತ್ತದೆ. ಸಸಿಗೆ ಸಿಗುವುದು ಉಪ್ಪು. ಮೊಳಕೆಗೆ ಹೊರಗಿನ ಆಹಾರ ಬೇಡವಾದ್ದರಿಂದ ಮೊಳಕೆ ಚೆನ್ನಾಗೇ ಬರುತ್ತದೆ, ಆಮೇಲೆ ತುದಿ ಬೆಳೆಯದೆ ನಿಂತುಬಿಡುತ್ತದೆ.

ತೊಳೆಯುವ ಕ್ರಮ: ಗಟ್ಟಿಯನ್ನು 25–30 ಲೀಟರ್ ನೀರಿನಲ್ಲಿ ಬಿಡಿಸಿ, ಗೋಣಿಚೀಲಕ್ಕೆ ತುಂಬಿ ನೀರು ಬಸಿದುಹೋಗಲು ಬಿಡಿ. ಮತ್ತೆ ಎರಡು ಸಲ ಹಾಗೇ. ಹಿಂಡಿದ ನೀರನ್ನು, ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿದರೆ 500 ಪಿಪಿಎಂ ಒಳಗಿರಬೇಕು. ಕೊನೆಯ ಸಲದ ನೀರಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಇನ್ನೊಮ್ಮೆ ಬರೀ ನೀರಿನಲ್ಲಿ ತೊಳೆಯಿರಿ.

ಇನ್ನು ಅಕ್ಕ ಕೊಡುತ್ತಿರುವುದು ಮಳೆನೀರು. ಅದರಲ್ಲಿ ಕ್ಯಾಲ್ಸಿಯಮ್ಮೂ ಇಲ್ಲ, ಏನೂ ಇಲ್ಲ. ಕೊಕೊಪೀಟಿನಲ್ಲೂ ಸಾರವಿಲ್ಲ. ಮೂರು ವಾರ ಖಾಲಿ ಹೊಟ್ಟೆ. ನಮ್ಮ ಕಡೆ ಕುಶಾಲನಗರದಲ್ಲಿ ಮೂರನೇ ಎಲೆ ಕಾಣುವ ಹೊತ್ತಿಗೆ 19:19:19 ಲೀಟರಿಗೆ ಅರ್ಧ ಗ್ರಾಂ ಶುರುಮಾಡುತ್ತಾರೆ, ವಾರಕ್ಕೆ ಎರಡು ಸಲ. ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ, ಹಾಗಾಗಿ ಮಧ್ಯೆ ಒಂದು ಸಲ ಕ್ಯಾಲ್ಸಿಯಂ ನೈಟ್ರೇಟ್ ಅರ್ಧ ಗ್ರಾಂ, ಬೇರೆ ದಿನ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಗಟ್ಟಿಯಾಗಿ ಕಲಸಿದರೆ ಫಾಸ್ಫೇಟ್ ಸುಣ್ಣದ ಹಾಗೆ ತಳಕ್ಕೆ ಕೂರುತ್ತದೆ.

ಬೇರುಬುಡ:
ಅಣ್ಣಾ, ಕುಶಾಲನಗರದ ಲೆಕ್ಕ ಮೂರ್ನಾಡಿಗೆ ಹಾಕಬೇಡಿ. ನಿಮ್ಮಲ್ಲಿ ಆಷಾಢದಲ್ಲೂ ನಡುನಡುವೆ ಬಿಸಿಲು ಬರುತ್ತದೆ, ಸಸಿ ನೀರು ಕುಡಿಯುತ್ತದೆ, ಗೊಬ್ಬರವೂ ಜೊತೆಗೆ ಒಳಗೆ ಹೋಗುತ್ತದೆ. ಇಲ್ಲಿ ಬೆಳಕಿಲ್ಲ, ಹಗಲಲ್ಲೂ 20 ಡಿಗ್ರಿಯ ಆಸುಪಾಸು, ಗಾಳಿಯಲ್ಲೇ ನೀರು ತುಂಬಿಕೊಂಡಿದೆ. ಎಲೆಯಿಂದ ಆವಿ ಹೋಗುವುದಿಲ್ಲ, ಆವಿ ಹೋಗದೆ ಬೇರು ನೀರೆಳೆಯುವುದಿಲ್ಲ. ಕುಳಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆಯಾಗಿದ್ದಷ್ಟೂ ತಣ್ಣಗೆ. ಇಂಥ ಬೇರಿಗೆ ಗೊಬ್ಬರ ಕೊಟ್ಟರೆ ಅದು ಅಲ್ಲೇ ಕೂತು ಉಪ್ಪಾಗುತ್ತದೆ.

ನೇರಳೆ ಬಣ್ಣವೂ ಅದೇ ಕಥೆ. ಪುಸ್ತಕದಲ್ಲಿ ರಂಜಕದ ಕೊರತೆ ಅಂತ ಇರುತ್ತದೆ, ಜನ ರಂಜಕದ ಗೊಬ್ಬರ ಡಿಎಪಿ ನೆನೆಸಿ ಹಾಕುತ್ತಾರೆ. ತಣ್ಣಗಿನ ಬೇರು ಇರುವ ರಂಜಕವನ್ನೂ ಎಳೆಯಲಾರದು. ಬೆಚ್ಚಗಾದರೆ ಹೊಸ ಎಲೆ ಹಸಿರಾಗೇ ಬರುತ್ತದೆ. ನನ್ನ ಲೆಕ್ಕದಲ್ಲಿ ಕ್ರಮ ಹೀಗೆ: ಬೆಳಕು, ಬಿಸಿ, ನೀರು ಕಡಿತ, ಕೊನೆಗೆ ಗೊಬ್ಬರ. ಗೊಬ್ಬರ ಬೇಡವೆನ್ನುತ್ತಿಲ್ಲ, ಅದರ ಸರದಿ ಬರಲಿ.

ಮೂರ್ನಾಡಿನವಳು:
ಬೇರು ನೋಡಿದೆ. ಟೊಮೆಟೊದ್ದು ಒಂದೇ ನೂಲು, ತುದಿ ಕಂದು. ಮೆಣಸಿನದ್ದು ಚಿಕ್ಕದು, ಆದರೆ ಬೆಳ್ಳಗೆ ಎರಡು ಮೂರು ಕವಲಿದೆ. ಕಟ್ಟೆಯಲ್ಲಿ ಮಧ್ಯಾಹ್ನ 400 ಲಕ್ಸ್. ಸ್ಪ್ರೇ ಮಾತ್ರ ಮಾಡುತ್ತಿದ್ದರೂ ಕುಳಿಯ ತಳ ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ, ಅದು ಹೇಗೆ?

ಬೇರುಬುಡ:
ಟ್ರೇ ಕುಳಿ ಬರೀ ನಾಲ್ಕು ಸೆಂಟಿಮೀಟರ್ ಆಳ. ಯಾವ ಕುಂಡವಾದರೂ ತಳದಲ್ಲಿ ಸ್ವಲ್ಪ ಎತ್ತರದವರೆಗೆ ನೀರು ಇಳಿಯದೆ ನಿಲ್ಲುತ್ತದೆ, ತೂತಿದ್ದರೂ ಸರಿ. ದೊಡ್ಡ ಕುಂಡದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ, ಇಲ್ಲಿ ಅದೇ ಅರ್ಧ ಕುಳಿ. ಮೇಲೆ ಒಣಗಿದ ಹಾಗೆ ಕಂಡು ನೀವು ಸ್ಪ್ರೇ ಮಾಡುತ್ತೀರಿ, ಕೆಳಗೆ ಕೆರೆ.

ಈಗ ಒಂದು ಒಣ ಹತ್ತಿ ಟವೆಲ್ ನಾಲ್ಕು ಮಡಿಕೆ ಮಾಡಿ ಟ್ರೇಯನ್ನು ಅದರ ಮೇಲೆ ಒತ್ತಿ ಅರ್ಧ ಗಂಟೆ ಇಡಿ. ಬಟ್ಟೆ ತಳದ ತೂತುಗಳಿಂದ ನೀರು ಹೀರಿಕೊಳ್ಳುತ್ತದೆ. ಟವೆಲ್ ಒದ್ದೆಯಾದರೆ ಬದಲಿಸಿ ಇನ್ನೊಮ್ಮೆ. ಆಮೇಲೆ ಟ್ರೇಯನ್ನು ಎರಡು ರೀಪಿನ ಮೇಲೆ ಎತ್ತಿ ಇಡಿ, ತಳಕ್ಕೆ ಗಾಳಿ ಆಡಲಿ. ಸ್ಪ್ರೇ ಬಾಟಲಿ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಇನ್ನು ಮುಂದೆ ಟ್ರೇ ಎತ್ತಿ ತೂಕ ನೋಡಿ, ತುಂಬು ತೂಕದ ಅರ್ಧಕ್ಕೆ ಇಳಿದ ಮೇಲೆ ಒಂದು ಅಗಲ ತಟ್ಟೆಯಲ್ಲಿ ಬೆರಳಗಲ ನೀರು ಹಾಕಿ ಟ್ರೇಯನ್ನು 15–20 ನಿಮಿಷ ಕೂರಿಸಿ, ತೆಗೆದು ಬಸಿಯಿರಿ. ನೀರು ಉಗುರುಬೆಚ್ಚಗಿರಲಿ. ಕಕ್ಕಡದ (ಜೋರು ಮಳೆಯ ತಿಂಗಳ) ತಣ್ಣಗಿನ ಟ್ಯಾಂಕಿನ ನೀರು ನೇರ ಹಾಕಿದರೆ ಬೇರು ಮತ್ತೆ ಮರಗಟ್ಟುತ್ತದೆ.

ಸೂರ್ಲಬ್ಬಿ ಬೆಟ್ಟ:
ಬಿಸಿಯ ವಿಷಯ. ಮೊಳಕೆ ಬರುವವರೆಗೆ ಕತ್ತಲಾದರೂ ಅಡ್ಡಿಯಿಲ್ಲ, ಆದ್ದರಿಂದ ಟ್ರೇಯನ್ನು ಒಲೆ ಮೇಲಿನ ಅಟ್ಟದಲ್ಲೋ ಫ್ರಿಜ್ಜಿನ ತಲೆಯ ಮೇಲೋ ಇಡುವುದು ಇಲ್ಲಿ ರೂಢಿ. ಮೆಣಸು 25–30 ಡಿಗ್ರಿಯಲ್ಲಿ ಏಳರಿಂದ ಹತ್ತು ದಿನಕ್ಕೆ ಮೊಳೆಯುತ್ತದೆ, ಒಳ್ಳೆಯದೇ. ಆದರೆ ಮೊದಲ ಕೊಕ್ಕೆ ಕಂಡ ದಿನವೇ ಬೆಳಕಿಗೆ ತರಬೇಕು. ಎಲ್ಲಾ ಬರಲಿ ಅಂತ ಇನ್ನೆರಡು ದಿನ ಬಿಟ್ಟರೆ ಮುಂದೆ ಬಂದವು ನೂಲಾಗಿಬಿಡುತ್ತವೆ.

ಸೌದೆ ಒಲೆಯ ಹತ್ತಿರ ಸಸಿ ಬೆಳೆಸಬೇಡಿ. ಅರೆಬೆಂದ ಸೌದೆಯ ಹೊಗೆಯಲ್ಲಿ ಎಥಿಲೀನ್ ಎಂಬ ಅನಿಲ ಇರುತ್ತದೆ. ಟೊಮೆಟೊಗೆ ಅದು ತಾಗಿದರೆ ಎಲೆಯ ತೊಟ್ಟು ಕೆಳಕ್ಕೆ ಬಾಗಿ, ತುದಿ ನಿಂತುಬಿಡುತ್ತದೆ. ನೀರು ಕಡಿಮೆಯಾಗಿ ಸೊರಗಿದ ಹಾಗೇ ಕಾಣುವುದರಿಂದ ಜನ ಇನ್ನಷ್ಟು ನೀರು ಹಾಕುತ್ತಾರೆ. ಹಣ್ಣಿಗಿಟ್ಟ ಬಾಳೆಗೊನೆ ಅದೇ ಕೋಣೆಯಲ್ಲಿ ನೇತಾಡುತ್ತಿದ್ದರೂ ಇದೇ ಪಾಡು. ಅಟ್ಟದಲ್ಲಿ ಗೊನೆ, ಕೆಳಗೆ ಸಸಿ, ಕಿಟಕಿ ಮುಚ್ಚಿ: ಕೊಡಗಿನ ಅಡುಗೆಮನೆಗೆ ಹೇಳಿ ಮಾಡಿಸಿದ ಸಮಸ್ಯೆ ಇದು, ಯಾರೂ ಹೇಳುವುದಿಲ್ಲ.

ಮೂರ್ನಾಡಿನವಳು:
ಗೊನೆ ಪಡಸಾಲೆಯಲ್ಲಿಲ್ಲ, ಪುಣ್ಯ. ಬೆಳಕಿಗೆ ಏನು ಮಾಡಲಿ ಮೇಷ್ಟ್ರೇ? ನೇರಳೆ ಬಣ್ಣದ ಗ್ರೋ ಲೈಟ್ ತರಿಸಲಾ?

ಟ್ರೇಮೇಷ್ಟ್ರು:
ಬೇಡ. ಎಲೆಕ್ಟ್ರಿಕಲ್ ಅಂಗಡಿಯ 4 ಅಡಿಯ ಬಿಳಿ ಎಲ್‌ಇಡಿ ಬ್ಯಾಟನ್, 20 ವ್ಯಾಟಿನದು, ಎರಡು ತನ್ನಿ. ಪೆಟ್ಟಿಗೆ ಮೇಲೆ 2,000 ಲ್ಯೂಮೆನ್ ಅಥವಾ ಮೇಲೆ ಬರೆದಿರಲಿ. 4 ಅಡಿ ಉದ್ದ, 1 ಅಡಿ ಅಗಲದ ಶೆಲ್ಫಿಗೆ ಎರಡನ್ನೂ ಒಂದು ಗೇಣಿನೊಳಗಿನ ಅಂತರದಲ್ಲಿ ಕಟ್ಟಿ, ಹಿಂದೆ ಮತ್ತು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ನಿಲ್ಲಿಸಿ. ಟ್ಯೂಬಿಗೂ ಎಲೆ ತುದಿಗೂ 10–15 ಸೆಂಟಿಮೀಟರ್. ಇಷ್ಟಾದರೆ ಸುಮಾರು 7,000 ಲಕ್ಸ್ ಸಿಗುತ್ತದೆ. ಅದನ್ನೇ ಎರಡು ಅಡಿ ಮೇಲೆ ತೂಗುಹಾಕಿದರೆ ಬೆಳಕು ಗೋಡೆಗೆ ಹೋಗುತ್ತದೆ, ಸಸಿ ಮತ್ತೆ ನೂಲು. ಆದ್ದರಿಂದ ಸರಪಳಿಯಲ್ಲಿ ಕಟ್ಟಿ, ಸಸಿ ಎದ್ದ ಹಾಗೆ ಮೇಲಕ್ಕೆತ್ತಿ.

ದಿನಕ್ಕೆ 16 ಗಂಟೆ, ಟೈಮರ್ ಹಾಕಿ. 40 ವ್ಯಾಟು × 16 ಗಂಟೆ ಅಂದರೆ ದಿನಕ್ಕೆ 0.64 ಯೂನಿಟ್, ತಿಂಗಳಿಗೆ 19 ಯೂನಿಟ್ ಚಿಲ್ಲರೆ. ಇಡೀ ರಾತ್ರಿ ಹಚ್ಚಬೇಡಿ, ಟೊಮೆಟೊಗೆ ಬಿಡುವಿಲ್ಲದ ಬೆಳಕು ಆಗುವುದಿಲ್ಲ, ಎಲೆ ಹಳದಿಯಾಗುತ್ತದೆ. ಮರ ಬಿದ್ದು ಒಂದೆರಡು ದಿನ ಕರೆಂಟ್ ಹೋದರೆ ಗಾಬರಿ ಬೇಡ. ಆ ದಿನಗಳಲ್ಲಿ ನೀರು ಕೊಡಬೇಡಿ, ತಣ್ಣಗಿನ ಜಾಗದಲ್ಲೇ ಬಿಡಿ. ಕತ್ತಲಲ್ಲಿ ಬೆಚ್ಚಗಿಟ್ಟರೆ ಮಾತ್ರ ಕೆಡುತ್ತದೆ.

ಜೊತೆಗೆ ಒಂದು ಚಿಕ್ಕ ಫ್ಯಾನ್. ಎಲೆ ಅಲುಗಿದ್ದು ಕಣ್ಣಿಗೆ ಕಾಣುವಷ್ಟು ಸಾಕು, ಹಗಲು ಮೂರು ನಾಲ್ಕು ಗಂಟೆ. ಎಲೆಯ ಸುತ್ತ ನಿಂತ ಒದ್ದೆ ಗಾಳಿ ಸರಿದರೆ ಸಸಿ ನೀರೆಳೆಯುತ್ತದೆ, ಕ್ಯಾಲ್ಸಿಯಂ ತುದಿಗೆ ಹೋಗುತ್ತದೆ, ಕಾಂಡವೂ ದಪ್ಪವಾಗುತ್ತದೆ.

ಹಟ್ಟಿಗೊಬ್ಬರ:
ಕೊಕೊಪೀಟ್ ಬಿಟ್ಟು ಮನೆ ಮಣ್ಣಲ್ಲಿ ಮಾಡುವವರಿಗೆ ಒಂದೆರಡು ಮಾತು. ಕಾಫಿ ನರ್ಸರಿಯ ಮಿಶ್ರಣ ಎಲ್ಲರಿಗೂ ಗೊತ್ತು: ಕಾಡುಮಣ್ಣು 6, ಕಳಿತ ಹಟ್ಟಿಗೊಬ್ಬರ 2, ಮರಳು 1. ಅದು 9 ಇಂಚಿನ ಕವರಿಗೆ ಮಾಡಿದ್ದು. ಅದನ್ನೇ ಟ್ರೇಗೆ ತುಂಬಿದರೆ ಎರಡು ಸಲ ನೀರು ಕಂಡ ಮೇಲೆ ಇಟ್ಟಿಗೆಯಾಗುತ್ತದೆ. ಟ್ರೇಗೆ ಮಣ್ಣೇ ಬೇಡ. ಚಿಕ್ಕ ಕವರಿಗಾದರೆ ಮಣ್ಣು, ಜರಡಿ ಹಿಡಿದ ಗೊಬ್ಬರ, ದಪ್ಪ ಮರಳು ಸಮಸಮ.

ಗೊಬ್ಬರ ಕಳಿತಿಲ್ಲದಿದ್ದರೆ ಸಸಿ ನಿಲ್ಲುವುದು ಖಂಡಿತ, ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ತಿಂದುಬಿಡುತ್ತವೆ. ಪರೀಕ್ಷೆ ಸುಲಭ. ಒಂದು ಹಿಡಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸರಿ, ಹುಳಿ ಅಥವಾ ಅಮೋನಿಯಾ ಘಾಟು ಬಂದರೆ ಇನ್ನೂ ಕಾಯಬೇಕು. ಅನುಮಾನವಿದ್ದರೆ ಹತ್ತಿಪ್ಪತ್ತು ಸಾಸಿವೆ ಹಾಕಿ ನೋಡಿ, ಬೇರು ಸುಟ್ಟ ಹಾಗಾದರೆ ಅದರಲ್ಲೇ ಉತ್ತರ ಇದೆ.

ಕಾಫಿ ಸಿಪ್ಪೆಯನ್ನು, ಬಸಿದ ಕಾಫಿ ಚರಟವನ್ನು ಸಸಿ ಬುಡಕ್ಕೆ ಹಾಕುವ ಅಭ್ಯಾಸ ಬಿಡಿ. ಉಳಿದಿರುವ ಕೆಫೀನ್ ಎಳೆ ಬೇರಿಗೆ ವಿಷ. ದೊಡ್ಡ ಗಿಡಕ್ಕೆ, ಅದೂ ಕಾಂಪೋಸ್ಟ್ ಆದ ಮೇಲೆ.

ಕಿತ್ತಳೆಬೀಜ:
ಇದೇ ಪ್ರಶ್ನೆ ಕಿತ್ತಳೆಗೂ ಕಾಫಿಗೂ ಕೇಳಬಹುದಾ? ಮನೆಯಲ್ಲಿ ಎರಡೂ ಇವೆ. ಕಾಫಿ ಬೀಜವನ್ನು ತಲೆ ಮೇಲೆ ಹೊತ್ತುಕೊಂಡು ನಿಂತಿದೆ. ಕಿತ್ತಳೆ ಒಂದು ಗುಂಡಿಯಲ್ಲಿ ಮೂರು ಬಂದು ಎರಡು ನಿಂತಿವೆ.

ಹಟ್ಟಿಗೊಬ್ಬರ:
ಕಾಫಿಯದ್ದು ಟೋಪಿ ಹಂತ, ಅದು ಸಹಜ. ಬೀಜ ಮೇಲೆ ಬಂದ ಮೇಲೂ ಬೀಜದೆಲೆ ಒಳಗಿದ್ದುಕೊಂಡು ಉಳಿದ ಸಾರ ಹೀರುತ್ತಿರುತ್ತದೆ. ಟೋಪಿ ಕೀಳಬೇಡಿ, ಎಲೆ ಹರಿಯುತ್ತದೆ. ತಾನೇ ಕಳಚಿ ಎರಡು ದುಂಡು ಎಲೆ ಬಿಚ್ಚುತ್ತದೆ. ಟೊಮೆಟೊ, ಮೆಣಸಿನಲ್ಲಿ ಸಿಪ್ಪೆ ಅಂಟಿಕೊಂಡರೆ ಮಾತ್ರ ತೊಂದರೆ: ಮೇಲ್ಮೇಲೆ ಬಿತ್ತಿದರೆ ಸಿಪ್ಪೆ ಉಜ್ಜಿಹೋಗುವುದಿಲ್ಲ. ಮುಂದಿನ ಸಲ ಅರ್ಧದಿಂದ 1 ಸೆಂಟಿಮೀಟರ್ ಆಳಕ್ಕೆ ಹಾಕಿ. ಈಗ ಒಂದು ಹನಿ ನೀರು ಸಿಪ್ಪೆ ಮೇಲೆ ಬಿಟ್ಟು, ಹತ್ತು ನಿಮಿಷದ ನಂತರ ಚಿಮುಟದಲ್ಲಿ ಮೆಲ್ಲಗೆ ಜಾರಿಸಿ.

ಕೊಡಗಿನ ಕಿತ್ತಳೆಯ ಒಂದೇ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುತ್ತವೆ. ಜೋರಾಗಿ, ಒಂದೇ ಥರ ಬೆಳೆದವು ಸಾಮಾನ್ಯವಾಗಿ ತಾಯಿಮರದ್ದೇ ಪಡಿಯಚ್ಚು. ಗಿಡ್ಡವಾಗಿ ಹಿಂದೆ ಬಿದ್ದದ್ದನ್ನು ಕಿತ್ತುಹಾಕಿ, ಅದಕ್ಕೆ ಔಷಧ ಹುಡುಕಬೇಡಿ.

ಹಾರಂಗಿದಂಡೆ:
ಟ್ರೇ ಮೇಲೆ ಚಿಕ್ಕ ಕಪ್ಪು ನೊಣ ಹಾರುತ್ತಿವೆಯಾ ನೋಡಿ ಅಕ್ಕಾ. ಒದ್ದೆ ಕೊಕೊಪೀಟಿನಲ್ಲಿ ಅವು ಮೊಟ್ಟೆ ಇಡುತ್ತವೆ, ಮರಿ ಬಿಳಿ, ತಲೆ ಕಪ್ಪು, ಎಳೆ ಬೇರಿನ ರೋಮ ತಿನ್ನುತ್ತದೆ. ಆಲೂಗೆಡ್ಡೆಯ ಬಿಲ್ಲೆ ಮೇಲಿಟ್ಟು ಎರಡು ದಿನ ಬಿಟ್ಟು ತಿರುಗಿಸಿದರೆ ಅಡಿಯಲ್ಲಿ ಸಿಗುತ್ತವೆ. ಹಳದಿ ಅಂಟು ಹಾಳೆ ಹಾರುವುದನ್ನು ಮಾತ್ರ ಹಿಡಿಯುತ್ತದೆ, ಮರಿಗೆ ಮದ್ದು ಮೇಲ್ಪದರ ಒಣಗಿಸುವುದು. ಅದೂ ಬೇರುಬುಡ ಹೇಳಿದ ಕಡೆಗೇ ಹೋಗುತ್ತದೆ, ಒಪ್ಪಿದೆ.

ಸೋಮವಾರಪೇಟೆ ಗದ್ದೆ:
ಇಷ್ಟೆಲ್ಲಾ ಟ್ಯೂಬು, ಫ್ಯಾನು ಯಾಕೆ ಅನಿಸುತ್ತದೆ ನನಗೆ. ಅಂಗಳದಲ್ಲಿ ನಾಲ್ಕು ಬಿದಿರಿನ ಕಮಾನು ಊರಿ 200 ಮೈಕ್ರಾನಿನ ಯುವಿ ಶೀಟ್ (ಬಿಸಿಲು ತಡೆದುಕೊಳ್ಳುವ ಪ್ಲಾಸ್ಟಿಕ್) ಹೊದಿಸಿ, ಎರಡೂ ತುದಿ ತೆರೆದಿಡಿ, ಒಳಗೆ ಮೊಣಕಾಲೆತ್ತರದ ಬೆಂಚಿನ ಮೇಲೆ ಟ್ರೇ. ಶೀಟ್ ಸ್ವಲ್ಪ ಬೆಳಕು ತಿಂದರೂ ಕಿಟಕಿ ಕಟ್ಟೆಗಿಂತ ಹತ್ತು ಪಟ್ಟು ಸಿಗುತ್ತದೆ, ದುಡ್ಡಿಲ್ಲದೆ. ಕಾಫಿ ಒಣಗಿಸಲು ಹಾಕಿದ ಶೀಟ್ ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದಲ್ಲ. ಬಸವನಹುಳಕ್ಕೆ ಮಾತ್ರ ಬೆಂಚಿನ ಕಾಲಿಗೆ ಉಪ್ಪುನೀರಿನ ಬಟ್ಟಲು ಕೊಡಿ, ಇಲ್ಲದಿದ್ದರೆ ಒಂದೇ ರಾತ್ರಿಗೆ ಟ್ರೇ ಖಾಲಿ.

ಟ್ರೇಮೇಷ್ಟ್ರು:
ಬೆಳಕಿಗೆ ಅದೇ ಒಳ್ಳೆಯದು. ಗಾಳಿಮಳೆಗೆ ಶೀಟ್ ನಿಲ್ಲುವ ಅಂಗಳ ಇದ್ದರೆ. ಚಳಿಗೆ ಅದರಲ್ಲಿ ಉತ್ತರವಿಲ್ಲ, ಮೆಣಸು 15 ಡಿಗ್ರಿಗಿಂತ ಕೆಳಗೆ ಕದಲುವುದೇ ಇಲ್ಲ. ಮೊದಲ ಎರಡು ನಿಜವಾದ ಎಲೆಯವರೆಗೆ ಒಳಗೆ ಟ್ಯೂಬಿನ ಕೆಳಗೆ, ಆಮೇಲೆ ಕಮಾನಿನಡಿ ಅಂತ ಮಾಡಿದರೆ ಎರಡೂ ಕೂಡಿಬರುತ್ತದೆ. ಹೊರಗೆ ಹಾಕುವಾಗ ಐದಾರು ದಿನ ಹದ ಮಾಡಿ, ಮೊದಲ ದಿನ ಎರಡು ಗಂಟೆ. ಮಳೆ ಬಿಟ್ಟ ಕೂಡಲೇ ಬರುವ ಬಿಸಿಲು ಒಳಗೆ ಬೆಳೆದ ಎಲೆಯನ್ನು ಬಿಳಿ ಮಾಡಿಬಿಡುತ್ತದೆ.

ಮೂರ್ನಾಡಿನವಳು:
ಸರಿ, ಈಗಿರುವ ಟ್ರೇಯನ್ನು ಉಳಿಸಿಕೊಳ್ಳಲಾ, ಹೊಸದಾಗಿ ಬಿತ್ತಲಾ?

ಬೇರುಬುಡ:
ಮೆಣಸು ಉಳಿಸಿ. ಬೇರು ಬಿಳಿ ಇದೆ, ಬೆಳಕು, ಬಿಸಿ ಕೊಟ್ಟರೆ ವಾರದೊಳಗೆ ಎರಡು ಬೀಜದೆಲೆಗಳ ನಡುವೆ ಚುಕ್ಕಿ ಗಾತ್ರದ ಹಸಿರು ಕಾಣಬೇಕು. ಲೆನ್ಸಿನಲ್ಲಿ ನೋಡಿ. ಆ ಜಾಗ ಬೋಳಾಗಿ, ಬೀಜದೆಲೆ ಮಾತ್ರ ದಪ್ಪವಾಗಿ ಗಡುಸಾಗುತ್ತಾ ಹೋದರೆ ಅದರ ತುದಿಮೊಗ್ಗೇ ಸತ್ತಿದೆ, ಎಷ್ಟು ಕಾದರೂ ಬಾರದು. ಚುಕ್ಕಿ ಕಂಡ ಮೇಲೆ ಹಾರಂಗಿಯಣ್ಣ ಹೇಳಿದ ಅರ್ಧ ಗ್ರಾಂ 19:19:19 ಶುರು ಮಾಡಿ, ನಿಮಗೆ ವಾರಕ್ಕೆ ಒಂದು ಸಲ ಸಾಕು.

ಟೊಮೆಟೊ ಹೊಸದಾಗಿ ಬಿತ್ತುವುದೇ ಲಾಭ. ಒಳ್ಳೆ ಬೆಳಕಲ್ಲಿ ಅದು 25 ದಿನಕ್ಕೆ ನಾಟಿಗೆ ಬರುತ್ತದೆ, ಈ ನೂಲುಗಳನ್ನು ಚೇತರಿಸುವುದಕ್ಕೂ ಅಷ್ಟೇ ದಿನ ಬೇಕು. ಅಪರೂಪದ ತಳಿ, ಬೇರೆ ಬೀಜ ಇಲ್ಲ ಅಂದರೆ ಮಾತ್ರ, ಬೀಜದೆಲೆಯ ಕೆಳಗಿನವರೆಗೆ ಹೂತು 4×6 ಇಂಚಿನ ಕವರಿಗೆ ಬದಲಿಸಿ, ಹೂತ ಕಾಂಡದಿಂದ ಬೇರು ಬರುತ್ತದೆ. ಮೆಣಸು, ಬದನೆಯನ್ನು ಹಾಗೆ ಆಳಕ್ಕೆ ಹೂಳಬೇಡಿ, ಈ ಹವೆಗೆ ಬುಡ ಕೊಳೆಯುತ್ತದೆ. ಬದನೆಯಲ್ಲಿ ನಿಂತಿರುವವನ್ನು ಇನ್ನೊಂದು ವಾರ ನೋಡಿ, ಮತ್ತೆ ಮಲಗಿದರೆ ಇಡೀ ಸಾಲು ತೆಗೆಯಿರಿ.

ಮೂರ್ನಾಡಿನವಳು:
ಅದೇ ಟ್ರೇಗೆ ಬಿತ್ತಬಹುದಾ?

ಬೇರುಬುಡ:
ಬಿತ್ತಬಹುದು. ಬ್ರಶ್ಶಿನಲ್ಲಿ ಸೋಪು ಹಾಕಿ ಮೂಲೆಯ ನಾರೆಲ್ಲಾ ತೆಗೆದ ಮೇಲೆ, ಅಂಗಡಿಯ ಬ್ಲೀಚ್ ದ್ರಾವಣ 1 ಪಾಲಿಗೆ ನೀರು 9 ಪಾಲು ಸೇರಿಸಿ ಅರ್ಧ ಗಂಟೆ ಮುಳುಗಿಸಿ, ಎರಡು ಸಲ ತೊಳೆದು ಪೂರ್ತಿ ಒಣಗಿಸಿ. ಕೊಕೊಪೀಟ್ ಮಾತ್ರ ಹೊಸದು. ಹಳೆಯದನ್ನು ಬಾಳೆ ಬುಡಕ್ಕೆ ಸುರಿಯಿರಿ.